ಕಪ್ಪತಗುಡ್ಡದ ಚಿನ್ನ ಮತ್ತು ಮರೆತುಹೋದ ಜಲಗಾರರು

ಚಿನ್ನದ ಗಣಿ ಎಲ್ಲಿದೆ ಎಂದು ತರಗತಿಯಲ್ಲಿ ಕೇಳಿದರೆ ವಿದ್ಯಾರ್ಥಿಗಳು ಕೈ ಎತ್ತಿ ಹೇಳುವ ಉತ್ತರ ಒಂದೇ, ಕೋಲಾರ. ಕೋಲಾರದ ಗಣಿ 2001ರ ಫೆಬ್ರುವರಿ ಕೊನೆಯಲ್ಲೇ ಮುಚ್ಚಿದೆ ಎಂದರೆ ಅವರಿಗೆ ಆಶ್ಚರ್ಯ. ಸ್ವಲ್ಪ ಓದಿಕೊಂಡ ಮಕ್ಕಳು ರಾಯಚೂರು ಜಿಲ್ಲೆಯ ಹಟ್ಟಿಯ ಹೆಸರು ಹೇಳುತ್ತಾರೆ. ಬಾದಾಮಿಯಿಂದ ರೋಣದ ಮೇಲೆ ಹೊರಟರೆ ಎರಡು ತಾಸಿನಲ್ಲಿ ತಲುಪಬಹುದಾದ ಗದಗದ ಹೆಸರನ್ನು ಮಾತ್ರ ಯಾರೂ ಹೇಳುವುದಿಲ್ಲ. ಮಕ್ಕಳನ್ನು ಏಕೆ ದೂರಬೇಕು? ಬಿ.ಇಡಿ. ಮುಗಿಸಿ ಹತ್ತು ವರ್ಷ ಪಾಠ ಹೇಳಿದ ನನಗೂ ಗೊತ್ತಿರಲಿಲ್ಲ.

ಗದಗ ಜಿಲ್ಲೆಯ ಕಪ್ಪತಗುಡ್ಡ ಒಂದು ಗುಡ್ಡವಲ್ಲ, ಗುಡ್ಡಗಳ ಸಾಲು. ಗದಗಿನ ಹತ್ತಿರ ಆರಂಭವಾಗಿ ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಾಯ್ದು, ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಅರವತ್ತು ಕಿಲೋಮೀಟರಿಗೂ ಹೆಚ್ಚು ಉದ್ದ ಮಲಗಿದೆ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ. ಪತ್ರಿಕೆಗಳಲ್ಲಿ ಅದರ ಹೆಸರು ಬಂದದ್ದು ಹೆಚ್ಚಾಗಿ ಹೋರಾಟದ ಸುದ್ದಿಯಲ್ಲಿ. ಗಣಿಗಾರಿಕೆ ಬೇಡವೆಂದು 2017ರಲ್ಲಿ ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಧರಣಿ ನಡೆಯಿತು. 2019ರಲ್ಲಿ ಸರಕಾರ 244 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಿತು. ಗಣಿ ಬೇಡ ಎನ್ನುವ ಹೋರಾಟ ನಡೆಯಬೇಕಾದರೆ ಅಲ್ಲಿ ತೆಗೆಯುವಂಥದ್ದು ಏನೋ ಇರಬೇಕಲ್ಲ? ಹೀಗೆ ಹುಡುಕುತ್ತ ಹೋದಾಗ ಈ ಗುಡ್ಡದ ಹಳೆಯ ಚಿನ್ನದ ಕಥೆ ಕೈಗೆ ಸಿಕ್ಕಿತು. ಓದಿದ್ದನ್ನು ಕಣ್ಣಿನಿಂದ ನೋಡಬೇಕೆಂಬ ಆಸೆಯೂ ಹುಟ್ಟಿತು.

ಆಸೆ ತೀರಿಸಿದವರು ಇಳಕಲ್ಲಿನ ನನ್ನ ಮಾಮು, ಅಂದರೆ ತಾಯಿಯ ತಮ್ಮ. ಮೂವತ್ತು ವರ್ಷ ಇಳಕಲ್ಲಿನ ಸುತ್ತಮುತ್ತಲ ಗ್ರಾನೈಟ್ ಕ್ವಾರಿಗಳಲ್ಲಿ ಜೀಪು ಓಡಿಸಿದವರು. ಇಳಕಲ್ಲಿನ ಕೆಂಪು ಕಲ್ಲು ಹಡಗು ಹತ್ತಿ ದೂರದೇಶಗಳಿಗೆ ಹೋದ ಕಾಲವನ್ನೆಲ್ಲ ಆ ಜೀಪಿನ ಸೀಟಿನಲ್ಲಿ ಕುಳಿತು ಕಂಡವರು. ನಿವೃತ್ತರಾಗುವಾಗ ಮಾಲೀಕರಿಂದ ಅದೇ ಜೀಪನ್ನು ಮೋಡಕಾ ಬೆಲೆಗೆ ಕೊಂಡು, ಅದಕ್ಕೆ ಮಗನಿಗಿಂತ ಹೆಚ್ಚು ಆರೈಕೆ ಮಾಡುತ್ತಾರೆಂದು ಮುಮಾನಿಯ ದೂರು. ನಾಲ್ಕೂ ಗಾಲಿಗೆ ಎಳೆತವಿರುವ ಗಾಡಿ ಅದು. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಲಿವರ್ ಇದೆ. ಅದನ್ನು ಎಳೆದರೆ ಎಂಜಿನ್ನಿನ ಬಲ ಮುಂದಿನ ಗಾಲಿಗಳಿಗೂ ಹಂಚಿಹೋಗುತ್ತದೆ. ಇನ್ನೂ ಒಂದು ಹಂತ ಎಳೆದರೆ ಗಾಡಿ ಎತ್ತಿನ ಬಂಡಿಯಷ್ಟೇ ನಿಧಾನವಾಗಿ, ಆದರೆ ಯಾವ ಏರನ್ನೂ ಬಿಡದೆ ಹತ್ತುತ್ತದೆ.

ಜೀಪಿನ ವಿಷಯ ಬಂದದ್ದರಿಂದ ಒಂದು ಮಾತು. 1941ರಿಂದ ಅಮೆರಿಕದ ಸೈನ್ಯ ಯುದ್ಧದಲ್ಲಿ ಬಳಸಿದ ವಿಲ್ಲಿಸ್ ಜೀಪನ್ನು ನಮ್ಮ ದೇಶದಲ್ಲಿ ಜೋಡಿಸಿ ಮಾರಲು ಆರಂಭಿಸಿದ ಕಂಪನಿ ಮಹೀಂದ್ರ. ಆದರೆ 1945ರಲ್ಲಿ ಅದು ಹುಟ್ಟಿದಾಗಿನ ಹೆಸರು 'ಮಹೀಂದ್ರ ಆ್ಯಂಡ್ ಮೊಹಮ್ಮದ್'. ಮಹೀಂದ್ರ ಸಹೋದರರ ಜೊತೆ ಪಾಲುದಾರರಾಗಿದ್ದವರು ಮಲಿಕ್ ಗುಲಾಮ್ ಮೊಹಮ್ಮದ್. ದೇಶ ಒಡೆದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಆದರು. ಇಲ್ಲಿ ಕಂಪನಿಯ ಹೆಸರು 1948ರಲ್ಲಿ 'ಮಹೀಂದ್ರ ಆ್ಯಂಡ್ ಮಹೀಂದ್ರ' ಆಯಿತು. ಇದನ್ನು ಹೇಳಿದಾಗ ಮಾಮು ಸ್ಟಿಯರಿಂಗ್ ಮೇಲೆ ಕೈ ತಟ್ಟಿ, "ಅಂದ್ರೆ ಈ ಗಾಡೀಗೂ ಬಟವಾರಾ ಆಗೇದ ಅನ್ನು" ಎಂದರು.

ಹೋದ ವರ್ಷದ ದಸರೆ ರಜೆಯಲ್ಲಿ ಮಾಮು, ನಾನು, ನಮ್ಮ ಶಾಲೆಯ ವಿಜ್ಞಾನದ ಮಾಸ್ತರು, ಮೂವರೂ ಬೆಳಗಿನ ನಮಾಜ್ ಮುಗಿಸಿ ಬಾದಾಮಿಯಿಂದ ಹೊರಟೆವು. ಗುಡ್ಡದೊಳಗೆ ಗಾಡಿ ಒಯ್ಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದನ್ನು ಮೊದಲೇ ಪಡೆದಿದ್ದೆವು. ಇದ್ದ ದಾರಿ ಬಿಟ್ಟು ಬೇರೆಡೆ ಗಾಲಿ ಇಡಬಾರದು, ಕಲ್ಲು ಗಿಡ ಏನನ್ನೂ ತರಬಾರದು ಎಂಬ ಕರಾರು.

ಈ ದಾರಿಯಲ್ಲಿ ಹೋಗುವವರು ಕಿಟಕಿಯಿಂದ ನೆಲವನ್ನು ನೋಡುತ್ತ ಹೋಗಬೇಕು. ಬಾದಾಮಿಯ ಕೆಂಪು ಮರಳುಗಲ್ಲು ಹಿಂದೆ ಬೀಳುತ್ತದೆ. ಬಳಿಕ ರೋಣದ ಎರೆಹೊಲ, ಕಣ್ಣು ಮುಟ್ಟುವವರೆಗೆ ಕಪ್ಪು. ಗದಗ ದಾಟಿ ಡಂಬಳದ ದಾರಿ ಹಿಡಿದರೆ ಬಲಗಡೆ ಕಪ್ಪತಗುಡ್ಡ ಏಳುತ್ತದೆ. ಅದರ ಮೈಬಣ್ಣವೇ ಬೇರೆ. ಕಬ್ಬಿಣದ ತುಕ್ಕಿನ ಬಣ್ಣ. ಬಾದಾಮಿಯ ಮರಳುಗಲ್ಲಿಗಿಂತ ಬಹಳ ಹಳೆಯ ಕಲ್ಲು ಇದು, 250 ಕೋಟಿ ವರ್ಷಗಳಿಗೂ ಹಿಂದಿನದು. ದಕ್ಷಿಣ ಭಾರತದ ಚಿನ್ನವೆಲ್ಲ ಹೆಚ್ಚಾಗಿ ಇಂಥ ಕಲ್ಲಿನಲ್ಲಿದೆ ಎಂದು ಗುರುತಿಸಿ, 1880ರ ದಶಕದಲ್ಲಿ ಅದಕ್ಕೆ ಧಾರವಾಡದ ಹೆಸರನ್ನೇ ಇಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಇಂದಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡ ಎಂದರೆ ಪೇಡೆಯಲ್ಲ, ಈ ಕಲ್ಲು.

ಫೂಟ್ ನಮ್ಮವರೇ ಎನ್ನಬೇಕು, ಅಷ್ಟು ನಮ್ಮ ನೆಲದಲ್ಲಿ ಅಲೆದಿದ್ದಾರೆ. 1834ರಲ್ಲಿ ಹುಟ್ಟಿದ ಇವರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದರು. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಕೊಡಲಿಯನ್ನು ಹೆಕ್ಕಿ ಭಾರತದ ಇತಿಹಾಸದ ಆರಂಭವನ್ನೇ ಹಿಂದಕ್ಕೆ ತಳ್ಳಿದರು. ನಮ್ಮ ಕಲಾದಗಿಯ ಹೆಸರನ್ನು ಇಲ್ಲಿನ ಕಲ್ಲಿನ ಪದರಗಳಿಗೆ ಇಟ್ಟವರೂ ಇವರೇ. 1876ರಲ್ಲಿ ಪ್ರಕಟವಾದ ಅವರ ದೊಡ್ಡ ವರದಿಯಲ್ಲಿ ಬಾದಾಮಿ, ಬಾಗಲಕೋಟೆ, ಹುನಗುಂದದ ಸೀಮೆಯೆಲ್ಲ ಬರುತ್ತದೆ. ಅದಕ್ಕೂ ಎರಡು ವರ್ಷ ಮೊದಲು, 1874ರಲ್ಲಿ, ಡಂಬಳದ ಗುಡ್ಡಗಳ ಚಿನ್ನದ ಮೇಲೆ ಪ್ರತ್ಯೇಕ ಲೇಖನ ಬರೆದರು. ಅವರಿಗಿಂತ ಮುಂಚೆ ಮದರಾಸು ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬವರೂ ಕಪ್ಪತಗುಡ್ಡದ ಹಳ್ಳಗಳಲ್ಲಿ ಚಿನ್ನದ ಪುಡಿ ಸಿಗುವ ಸಂಗತಿಯನ್ನು ದಾಖಲಿಸಿದ್ದರು. ಇವರಿಬ್ಬರೂ ಬಂದದ್ದು ಕುದುರೆಯ ಮೇಲೆ ಮತ್ತು ಕಾಲ್ನಡಿಗೆಯಲ್ಲಿ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಯಾಕೆಂದರೆ ಮುಂದೆ ನಮ್ಮ ಜೀಪು ಒಂದು ತಪ್ಪು ಮಾಡಿತು.

ಡಂಬಳದಲ್ಲಿ ಚಹಾಕ್ಕೆ ನಿಂತೆವು. ಇಂದು ಸಣ್ಣ ಊರು. ಒಂದು ಕಾಲಕ್ಕೆ ಧರ್ಮವೊಳಲ್ ಎಂಬ ವ್ಯಾಪಾರಿಗಳ ಪಟ್ಟಣ. 1095ರ ಶಾಸನದಲ್ಲಿ ಇಲ್ಲಿನ ಹದಿನಾರು ಸೆಟ್ಟಿಗಳು ಬೌದ್ಧರ ತಾರಾದೇವಿಗೆ ವಿಹಾರ ಕಟ್ಟಿಸಿದ ಸಂಗತಿಯಿದೆ. ಪಕ್ಕದ ಲಕ್ಕುಂಡಿ ಅಂದಿನ ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ಟಂಕಸಾಲೆಯಿತ್ತು, ಅಲ್ಲಿನ ಚಿನ್ನದ ಗದ್ಯಾಣಕ್ಕೆ ಊರಿನ ಹೆಸರೇ ಇತ್ತು. ಚಿನ್ನದ ಹಳ್ಳ, ಚಿನ್ನದ ವ್ಯಾಪಾರಿ, ಚಿನ್ನದ ನಾಣ್ಯ ಮೂರೂ ಒಂದೇ ದಿನದ ಬಂಡಿಯ ದಾರಿಯೊಳಗೆ. ರಾಜರ ಹೆಸರು ಶಾಸನದಲ್ಲಿದೆ, ಸೆಟ್ಟಿಗಳ ಲೆಕ್ಕವೂ ಕಲ್ಲಿನಲ್ಲಿದೆ. ಹಳ್ಳದಲ್ಲಿ ಬಾಗಿ ನಿಂತವನ ಹೆಸರಿಗೆ ಮಾತ್ರ ಕಲ್ಲು ಸಿಗಲಿಲ್ಲ.

ಡಂಬಳದಿಂದ ಮುಂದೆ ಡೋಣಿ. ಇದು ವಿಜಯಪುರದ ಡೋಣಿ ನದಿಯಲ್ಲ, ಗುಡ್ಡದ ಬುಡದ ಹಳ್ಳಿ. ಊರಿನ ಆಚೆ ಹಳ್ಳ ಹರಿದಿತ್ತು. ಹಿಂದಿನ ವಾರ ಮಳೆಯಾದದ್ದರಿಂದ ಮೊಣಕಾಲುದ್ದ ನೀರು, ತಳದಲ್ಲಿ ಉರುಟು ಕಲ್ಲು. ಮಾಮು ಗಿಡ್ಡ ಲಿವರ್ ಎಳೆದರು. ಜೀಪು ಗುರುಗುಟ್ಟುತ್ತ ನೀರಿಗಿಳಿದು, ಎಡಕ್ಕೆ ಬಲಕ್ಕೆ ಓಲಾಡಿ, ಆಚೆ ದಂಡೆ ಹತ್ತಿತು. ವಿಜ್ಞಾನದ ಮಾಸ್ತರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮುಂದೆ ಕೆಂಪು ಕೊರಕಲು ದಾರಿ, ಒಂದು ಕಡೆ ಪ್ರಪಾತ. ಮಳೆಗೆ ಕೊಚ್ಚಿಹೋದ ಒಂದು ಜಾಗದಲ್ಲಿ ಮುಂದಿನ ಬಲಗಾಲಿ ಗಾಳಿಯಲ್ಲಿ ತಿರುಗಿತು. ನಾವಿಬ್ಬರೂ ಕೆಳಗಿಳಿದು ಕಲ್ಲು ಹಾಸಬೇಕಾಯಿತು. ಮೇಲೆ ಕಪ್ಪತಮಲ್ಲಯ್ಯನ ಗುಡಿಯ ಹತ್ತಿರ ನಿಂತಾಗ ಗಾಳಿ ಟೋಪಿ ಹಾರಿಸುವಂತಿತ್ತು. ದೂರದ ದಿನ್ನೆಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು.

ಅಲ್ಲಿಂದ ಇಳಿದು, ಸುತ್ತುಹಾಕಿ, ಕಬಲಾಯತಕಟ್ಟಿಯ ಕಡೆ ಹೋದೆವು. ಹೆಸರು ಕೇಳಿದಾಗಲೇ ಉರ್ದು ಮಾಸ್ತರನ ಕಿವಿ ನೆಟ್ಟಗಾಯಿತು. ಕಬೂಲಿಯತ್ ಅರಬಿ ಮೂಲದ ಮಾತು. ಭೂಮಿ ಸಾಗುವಳಿಗೆ ಪಡೆದವನು ಬರೆದುಕೊಡುವ ಒಪ್ಪಿಗೆ ಪತ್ರಕ್ಕೆ ಕಂದಾಯ ಇಲಾಖೆಯಲ್ಲಿ ಅದೇ ಹೆಸರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಗದಗ ಚಿನ್ನದ ಸೀಮೆಯ ಗಣಿಗಳು ಇದ್ದದ್ದು ಇಲ್ಲಿ, ಹೊಸೂರಿನಲ್ಲಿ ಮತ್ತು ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಶಿರಹಟ್ಟಿಯ ಕಡೆಯಲ್ಲಿ. ಆ ಕಡೆಯದನ್ನು ಸಾಂಗ್ಲಿ ಗಣಿ ಎಂದೇ ಕರೆದರು. ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನ ತೆಗೆದು ಲಂಡನ್ನಿನವರ ಕಣ್ಣು ಕುಕ್ಕಿದ ಮೇಲೆ, ಧಾರವಾಡದ ಕಲ್ಲಿದ್ದಲ್ಲೆಲ್ಲ ಚಿನ್ನವಿದೆ ಎಂದು ಷೇರು ಮಾರಿದ ಕಾಲ ಅದು. ಯಂತ್ರ ಬಂದವು, ಬಾವಿ ತೋಡಿದರು, ಬೆಣಚುಕಲ್ಲು ಕುಟ್ಟಿದರು. ಕೆಲವೇ ವರ್ಷಗಳಲ್ಲಿ ಖರ್ಚು ಹುಟ್ಟದೆ ಬಾಗಿಲು ಹಾಕಿದರು. ಇಂದು ಉಳಿದಿರುವುದು ಮುಳ್ಳುಕಂಟಿ ಮುಚ್ಚಿದ ಕುಸಿದ ತಗ್ಗು, ಬಿಳಿ ಬೆಣಚುಕಲ್ಲಿನ ಚೂರುಗಳ ದಿಬ್ಬ. ನಾನು ಬಹಳ ನಿರೀಕ್ಷೆ ಇಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ ಇಳಕಲ್ಲಿನ ಬಿಟ್ಟುಹೋದ ಕ್ವಾರಿಯೊಂದು ಇದಕ್ಕಿಂತ ನೋಡುವಂತಿರುತ್ತದೆ.

ಹಳೆಯ ಗಣಿಯ ಗಾಂಭೀರ್ಯ ನೋಡಬೇಕೆನ್ನುವವರು ಹಟ್ಟಿಯ ಕಥೆ ಓದಬೇಕು. ಅಲ್ಲಿ 20ನೇ ಶತಮಾನದ ಗಣಿಗಾರರು ಬಾವಿ ಇಳಿಸುತ್ತ ಹೋದಾಗ ತಮಗಿಂತ ಮೊದಲೇ ಯಾರೋ ಅಗೆದು ಹೋದ ಗವಿಗಳು ಸಿಕ್ಕವು. ಸುಮಾರು 195 ಮೀಟರ್ ಆಳದವರೆಗೆ! ಸಿಡಿಮದ್ದು ಇಲ್ಲದ ಕಾಲ. ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ ಬಂಡೆ ಕಾಯಿಸುವುದು, ನೀರು ಸುರಿದು ಬಿರಿಯಿಸುವುದು, ಉಳಿ ಸುತ್ತಿಗೆಯಿಂದ ಕೀಳುವುದು. ಆ ಆಳದಲ್ಲಿ ಹೊಗೆಯ ನಡುವೆ ಕೆಲಸ ಮಾಡಿದವರ ಗತಿ ಏನಾಗಿರಬೇಕು? ಒಳಗೆ ಸಿಕ್ಕ ಮರದ ತುಂಡುಗಳನ್ನು ರೇಡಿಯೋ ಕಾರ್ಬನ್ ವಿಧಾನದಿಂದ ಪರೀಕ್ಷಿಸಿದಾಗ ಅವು ಸುಮಾರು 1900 ವರ್ಷ ಹಳೆಯವೆಂದು ತಿಳಿಯಿತು. ಹಟ್ಟಿಗೆ ಹತ್ತಿರದ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಶಾಸನವನ್ನು ಮೊದಲು ಗುರುತಿಸಿದವರೂ ಚಿನ್ನ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್. ಅದುವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಇತ್ತೇ ಹೊರತು ಅಶೋಕ ಎಂಬ ಹೆಸರಿರಲಿಲ್ಲ. ಹೀಗೆ ಚಿನ್ನ ಹುಡುಕಿದವನಿಗೆ ಚಕ್ರವರ್ತಿಯ ಹೆಸರು ಸಿಕ್ಕಿತು.

ಮಧ್ಯಾಹ್ನ ತಿರುಗಿ ಡೋಣಿಯ ಹಳ್ಳದ ದಂಡೆಗೆ ಬಂದು ಹೊಂಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಕುರಿ ನೀರಿಗೆ ಬಿಟ್ಟ ಮುದುಕರೊಬ್ಬರು ಹತ್ತಿರ ಬಂದು ಕುಳಿತರು.

"ಏನ್ ನೋಡಾಕ ಬಂದೀರ್ರೀ ಸಾಹೇಬ್ರ?"

"ಚಿನ್ನದ ಗಣಿ ನೋಡಿ ಬಂದ್ವಿ, ಯಜಮಾನ್ರ."

"ಗಣಿ ಏನೈತ್ರೀ, ತಗ್ಗು ಅದು. ಬಂಗಾರ ಹಳ್ಳದಾಗ ಇತ್ತು ಅಂತಿದ್ರು ಹಿರೇರು. ನಿಮ್ಮ ಗಾಡಿ ಮುಂಜಾನೆ ಅದರ ಮ್ಯಾಲೇ ಹಾದು ಹೋತು."

ಮೂವರೂ ಸುಮ್ಮನಾದೆವು. ಫೂಟ್ ಮತ್ತು ಧಾರವಾಡದ ಗೆಜೆಟಿಯರ್ ಹೇಳಿದ್ದೂ ಇದನ್ನೇ. ನಾನು ಓದಿಯೂ ಇದ್ದೆ. ಮಳೆಗಾಲದಲ್ಲಿ ಗುಡ್ಡದ ಬೆಣಚುಕಲ್ಲು ಸವೆದು, ಅದರೊಳಗಿನ ಚಿನ್ನದ ಕಣ ಬಿಡಿಸಿಕೊಂಡು ಡೋಣಿ, ಸೊರಟೂರು ಮೊದಲಾದ ಊರುಗಳ ಹಳ್ಳಕ್ಕೆ ಬರುತ್ತದೆ. ಮಳೆ ನಿಂತ ಮೇಲೆ ಆ ಮರಳನ್ನು ತೊಳೆದು ಚಿನ್ನ ತೆಗೆಯುವವರು ಇದ್ದರು. ಅವರ ಹೆಸರು ಜಲಗಾರರು. ಆದರೂ ನನ್ನ ತಲೆಯಲ್ಲಿ ಗಣಿ ಎಂದರೆ ಗುಡ್ಡದ ಮೇಲಿನ ಬಾವಿ, ಯಂತ್ರ, ಕಂಪನಿ ಎಂದೇ ಇತ್ತು. ಕುದುರೆಯಿಂದ ಇಳಿದು ನಡೆದವರಿಗೆ ಹಳ್ಳ ಕಂಡಿತು. ನಾಲ್ಕೂ ಗಾಲಿಯ ಬಲದಲ್ಲಿ ಅದನ್ನು ದಾಟಿ ಚಪ್ಪಾಳೆ ತಟ್ಟಿದವರಿಗೆ ಕಾಣಲಿಲ್ಲ.

ಜಲಗಾರ ಎಂಬ ಪದವನ್ನು ಇಂದು ಕನ್ನಡ ಓದಿದವರು ಕುವೆಂಪು ಅವರ ನಾಟಕದಿಂದ ಬಲ್ಲರು. ಅಲ್ಲಿ ಜಲಗಾರ ಎಂದರೆ ಬೀದಿ ಗುಡಿಸುವವನು. ಹಳೆಯ ಅರ್ಥ ಇನ್ನೊಂದಿದೆ. ಅಕ್ಕಸಾಲಿಗರ ಅಂಗಡಿಯ ಕಸ, ಬೂದಿ, ಹಳ್ಳದ ಮರಳು, ಇವನ್ನು ತೊಳೆದು ಲೋಹದ ಕಣ ಹೆಕ್ಕುವವನು. ಎರಡಕ್ಕೂ ನಡುವೆ ಗುಡಿಸುವ ಕೆಲಸವಿದೆ. ಉರ್ದುವಿನಲ್ಲಿ ಈತ ನ್ಯಾರಿಯಾ. ಫಾರಸಿಯಲ್ಲಿ ಖಾಕ್‌ಶೋಯ್, ಅಂದರೆ ಮಣ್ಣು ತೊಳೆಯುವವನು. ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ಬರೆದ 'ಐನ್-ಇ-ಅಕ್ಬರಿ'ಯಲ್ಲಿ ಬಾದಶಾಹನ ಟಂಕಸಾಲೆಯ ಕೆಲಸಗಾರರ ಪಟ್ಟಿಯಿದೆ. ಅಧಿಕಾರಿ, ಚಿನ್ನ ಪರೀಕ್ಷಿಸುವವನು, ಕರಗಿಸುವವನು, ಅಚ್ಚು ಕೆತ್ತುವವನು, ಹೀಗೆ ಸಾಗುವ ಪಟ್ಟಿಯಲ್ಲಿ ಖಾಕ್‌ಶೋಯ್‌ಗೂ ಜಾಗವಿದೆ. ಆತ ಟಂಕಸಾಲೆಯ ಕಸ ಗುಡಿಸಿಕೊಂಡು ಮನೆಗೊಯ್ದು ತೊಳೆದು ಲಾಭ ಮಾಡಿಕೊಳ್ಳುತ್ತಾನೆ, ಅದಕ್ಕಾಗಿ ಸರಕಾರಕ್ಕೆ ತಿಂಗಳಿಗಿಷ್ಟು ಕಟ್ಟುತ್ತಾನೆ. ಬಾದಶಾಹನ ಮಂತ್ರಿಗೆ ಕಸ ತೊಳೆಯುವವನೂ ಗ್ರಂಥದಲ್ಲಿ ಬರೆಯಬೇಕಾದ ಮನುಷ್ಯ ಎನಿಸಿದ್ದು ನನಗೆ ದೊಡ್ಡ ಸಂಗತಿಯಾಗಿ ಕಂಡಿತು.

ಇಷ್ಟನ್ನೂ ಊಟ ಮಾಡುತ್ತ ಮಾಸ್ತರಿಗೆ ವಿವರಿಸುತ್ತಿದ್ದೆ. ನ್ಯಾರಿಯಾ ಎಂದಾಗ ಮಾಮು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತು ಬಿಟ್ಟು, "ಬೇಟಾ, ನಿನ್ನ ನಾನಾ ಮಾಡ್ತಿದ್ದದ್ದು ಅದೇ ಧಂದಾ" ಎಂದರು.

ನಮ್ಮ ತಾಯಿಯ ತಂದೆ ತೀರಿಕೊಂಡಾಗ ನನಗೆ ಆರು ವರ್ಷ. ಅವರು ಚಿನ್ನದ ವ್ಯಾಪಾರಿಯಾಗಿದ್ದರೆಂದು ಮನೆಯಲ್ಲಿ ಹೇಳುತ್ತಿದ್ದರು. ಅಮ್ಮೀ ಈಗಲೂ ಹಾಗೆಯೇ ಹೇಳುತ್ತಾರೆ. ಮಾಮು ಹೇಳಿದ್ದು ಬೇರೆ. ನಸುಕಿನಲ್ಲಿ ಎದ್ದು ಇಳಕಲ್ಲಿನ ಪತ್ತಾರರ ಅಂಗಡಿಗಳ ಮುಂದಿನ ಬೀದಿ ಗುಡಿಸುವುದು, ಗಟಾರದ ಕೆಸರು ಬುಟ್ಟಿಗೆ ತುಂಬುವುದು. ಅದಕ್ಕಾಗಿ ಪತ್ತಾರರಿಗೆ ವರ್ಷಕ್ಕಿಷ್ಟು ದುಡ್ಡು ಕೊಡಬೇಕಿತ್ತು. ಮನೆಯ ಹಿತ್ತಲಿನಲ್ಲಿ ಒಂದು ಮರಿಗೆ. ಹುಣಸೆಮರದ ದಿಮ್ಮಿ ಕೊರೆದು ಮಾಡಿದ ಆಳವಿಲ್ಲದ ತೊಟ್ಟಿ. ಅದರಲ್ಲಿ ಕೆಸರು, ನೀರು ಹಾಕಿ ತೂಗಿ ತೂಗಿ ಚೆಲ್ಲುವುದು. ಮಾಮು ಚಿಕ್ಕವರಿದ್ದಾಗ ನೀರು ಸೇದಿ ಹಾಕುವ ಕೆಲಸ ಅವರದು. ಅಕ್ಕನ ಮದುವೆಯ ಮಾತು ನಡೆದಾಗ, "ಗಟಾರ ತೊಳೆಯೋರ ಮನೀ ಹುಡುಗಿ" ಎಂದು ಒಂದು ಸಂಬಂಧ ತಪ್ಪಿತಂತೆ. ಮಾರನೆಯ ವರ್ಷ ನಾನಾ ಧಂದೆ ಬಿಟ್ಟರು. ಅಲ್ಲಿಂದ ವ್ಯಾಪಾರಿ ಎಂಬ ಮಾತು ಮನೆಯೊಳಗೆ ಬಂತು.

ಊಟದ ಬಳಿಕ ಮಾಮು ಪ್ಯಾಂಟು ಮಡಚಿ ಊರ ಹಳ್ಳಕ್ಕೆ ಇಳಿದರು. ಬುತ್ತಿ ಡಬ್ಬಿಯ ಅಗಲ ಮುಚ್ಚಳದಲ್ಲಿ, ದೊಡ್ಡ ಕಲ್ಲೊಂದರ ಹಿಂದಿನ ಮರಳನ್ನು ಒಂದು ಬೊಗಸೆ ತೆಗೆದುಕೊಂಡರು. ಕಲ್ಲಿನ ಹಿಂದೆಯೇ ಏಕೆ? ನೀರಿನ ರಭಸ ಅಲ್ಲಿ ಮುರಿಯುತ್ತದೆ, ಭಾರದ ಕಣ ಅಲ್ಲಿ ಕೂಡುತ್ತದೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಸಾಮಾನ್ಯ ಮರಳು ಎರಡೂವರೆ ಪಟ್ಟಿಗೆ ಸ್ವಲ್ಪ ಹೆಚ್ಚು, ನಡುವೆ ಕಬ್ಬಿಣದ ಕರಿಮರಳು ಸುಮಾರು ಐದು ಪಟ್ಟು ಎಂದು ವಿಜ್ಞಾನದ ಮಾಸ್ತರು ದಂಡೆಯಿಂದಲೇ ಕೂಗಿ ಹೇಳಿದರು. ಮಾಮು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮುಚ್ಚಳವನ್ನು ನೀರಿನ ಮಟ್ಟಕ್ಕೆ ಹಿಡಿದು, ಮುಂಗೈಯನ್ನು ತುಸುವೇ ತಿರುವುತ್ತ, ಮೊದಲು ಉರುಟು ಕಲ್ಲು ಬೆರಳಿನಿಂದ ತೆಗೆದರು. ಬಳಿಕ ಬಿಳಿ ಮರಳು ಅಲೆಯಲೆಯಾಗಿ ಅಂಚು ದಾಟಿ ಹೋಯಿತು. ಐವತ್ತು ವರ್ಷ ಮಾಡದ ಕೆಲಸ, ಕೈ ಮರೆತಿರಲಿಲ್ಲ. ಹತ್ತು ನಿಮಿಷದಲ್ಲಿ ತಳದಲ್ಲಿ ಉಳಿದದ್ದು ಉಗುರಿನಷ್ಟು ಕರಿಮರಳು. ಬಿಸಿಲಿಗೆ ಹಿಡಿದು ನೋಡಿದೆವು. ಚಿನ್ನ ಇರಲಿಲ್ಲ. ಮಾಮು ನಕ್ಕು ಅದನ್ನು ಹಳ್ಳಕ್ಕೇ ಚೆಲ್ಲಿದರು.

ಜಲಗಾರರ ಮುಂದಿನ ಕೆಲಸ ಈ ಕರಿಮರಳಿನದು. ಇದರಲ್ಲಿರುವ ಚಿನ್ನದ ಕಣ ಕಣ್ಣಿಗೆ ಕಾಣುವಷ್ಟು ದೊಡ್ಡದಲ್ಲ. ಅದಕ್ಕೆ ಪಾದರಸ ಬೆರೆಸಿ ತಿಕ್ಕುತ್ತಾರೆ. ಪಾದರಸ ಚಿನ್ನವನ್ನು ಅಪ್ಪಿಕೊಂಡು ಮುದ್ದೆಯಾಗುತ್ತದೆ. ಬಟ್ಟೆಯಲ್ಲಿ ಹಿಂಡಿ, ಉಳಿದದ್ದನ್ನು ಕೆಂಡದ ಮೇಲಿಟ್ಟರೆ ಪಾದರಸ ಆವಿಯಾಗಿ ಹೋಗಿ ಚಿನ್ನದ ಗುಳಿಗೆ ಉಳಿಯುತ್ತದೆ. ಇದು ಬಹಳ ಹಳೆಯ ವಿದ್ಯೆ. ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್‌ಬಿರೂನಿ ಖನಿಜಗಳ ಬಗ್ಗೆ ಬರೆದ 'ಕಿತಾಬುಲ್ ಜಮಾಹಿರ್'ನಲ್ಲಿ, ಸಿಂಧೂ ನದಿಯ ತಳದಲ್ಲಿ ಕುಣಿ ತೋಡಿ ಪಾದರಸ ತುಂಬಿ ಚಿನ್ನ ಹಿಡಿಯುವ ಕ್ರಮವನ್ನು ವಿವರಿಸಿದ್ದಾನೆ.

ಆದರೆ ಆ ಆವಿ ವಿಷ. ಉಸಿರಿನೊಂದಿಗೆ ಒಳಹೋಗಿ ನರಗಳನ್ನು ಕೆಡಿಸುತ್ತದೆ. ಮೊದಲು ಕೈ ನಡುಗುತ್ತದೆ, ನಿದ್ದೆ ಹೋಗುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ನೆನಪು ಕುಂದುತ್ತದೆ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಮಿನಮಾಟಾ ಒಪ್ಪಂದವಾಯಿತು, ನಮ್ಮ ದೇಶವೂ 2018ರಲ್ಲಿ ಅದನ್ನು ಅನುಮೋದಿಸಿತು. ಆಫ್ರಿಕ, ದಕ್ಷಿಣ ಅಮೆರಿಕದ ನದಿಗಳಲ್ಲಿ ಲಕ್ಷಾಂತರ ಬಡವರು ಇಂದಿಗೂ ಹೀಗೆಯೇ ಚಿನ್ನ ತೆಗೆಯುತ್ತಾರೆ. ಮಾಸ್ತರು ಈ ಲಕ್ಷಣಗಳನ್ನು ಹೇಳುತ್ತಿದ್ದಾಗ ನಾನು ಮಾಮುವಿನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಾನಾರ ಬಗ್ಗೆ ನನಗೆ ಇರುವ ನೆನಪು ಒಂದೇ. ಚಹಾದ ಬಟ್ಟಲು ಎತ್ತಿದರೆ ಬಸಿಯ ತುಂಬ ಚಹಾ. ಮುಪ್ಪಿನಿಂದ ಎಂದು ಎಲ್ಲರೂ ತಿಳಿದಿದ್ದೆವು. ಅವರು ತೀರಿಕೊಂಡಾಗ ಅರವತ್ತೂ ಆಗಿರಲಿಲ್ಲ ಎಂದು ಮಾಮು ಲೆಕ್ಕ ಹಾಕಿ ಹೇಳಿದರು.

ಹಳೆಯ ವರದಿಗಳಲ್ಲಿ ಕಪ್ಪತಗುಡ್ಡದ ಜಲಗಾರರ ಗಳಿಕೆ ಬಹಳ ಅಲ್ಪವೆಂದೇ ಇದೆ. ಲಂಡನ್ನಿನ ಷೇರುದಾರನಿಗೆ ಅದು ಗಳಿಕೆಯೇ ಅಲ್ಲ. ಆದರೆ ಒಂದು ಲೆಕ್ಕ ನೋಡಬೇಕು. ಕಂಪನಿಗೆ ಬಾವಿ ತೋಡಲು ಬಂಡವಾಳ ಬೇಕು, ಕುಟ್ಟಲು ಯಂತ್ರ ಬೇಕು, ಯಂತ್ರಕ್ಕೆ ಕಟ್ಟಿಗೆ ನೀರು ಬೇಕು, ಮೇಲೆ ಲಾಭಾಂಶ ಬೇಕು. ಜಲಗಾರನಿಗೆ ಒಂದು ಮರಿಗೆ ಸಾಕು. ಕಲ್ಲು ಕುಟ್ಟುವ ಕೆಲಸವನ್ನು ಮಳೆ ಮಾಡಿಕೊಡುತ್ತದೆ, ಸಾಗಿಸುವ ಕೆಲಸವನ್ನು ಹಳ್ಳ ಮಾಡಿಕೊಡುತ್ತದೆ. ಅದಕ್ಕೇ ಕಂಪನಿಗಳು ಬರುವುದಕ್ಕೆ ಬಹಳ ಮುಂಚಿನಿಂದಲೂ ಅವನಿದ್ದ. ಅವನು ಗುಡ್ಡದಲ್ಲಿ ತಗ್ಗು ಬಿಡಲಿಲ್ಲ. ಮುಂದಿನ ಮಳೆಗೆ ಹಳ್ಳ ಅವನ ಹೆಜ್ಜೆಯನ್ನೂ ಅಳಿಸಿತು. ಅವನು ಚರಿತ್ರೆಯಲ್ಲಿ ಕಾಣದಿರಲು ಇದೂ ಒಂದು ಕಾರಣವೆಂದು ನನ್ನ ಎಣಿಕೆ. ಚರಿತ್ರೆಯವರಾದ ನಾವು ಕಲ್ಲು ಓದುತ್ತೇವೆ, ಕಟ್ಟಡ ಓದುತ್ತೇವೆ, ತಗ್ಗನ್ನೂ ಓದುತ್ತೇವೆ. ತೊಳೆದುಹೋದ ಮರಳನ್ನು ಓದಲು ಬರುವುದಿಲ್ಲ. ಜಲಗಾರರ ಬಡತನವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ನಾನಾರ ಬಸಿಯ ಚಹಾ ನೆನಪಾದ ಮೇಲೆ ಹಾಗೆ ಹೊಗಳಲು ಬಾಯಿ ಬರುವುದೂ ಇಲ್ಲ.

ಸಂಜೆ ತಿರುಗಿ ಬರುವಾಗ ಮಾಮು ಹಳ್ಳವನ್ನು ಸೇತುವೆಯ ಮೇಲಿಂದ ದಾಟಿಸಿದರು. ಸುತ್ತು ದಾರಿಯಾಯಿತು. ಯಾಕೆಂದು ನಾವು ಕೇಳಲಿಲ್ಲ.

ರಾತ್ರಿ ಇಳಕಲ್ಲಿಗೆ ಬಂದಾಗ ಮರಿಗೆ ಏನಾಯಿತೆಂದು ವಿಚಾರಿಸಿದೆ. ಇಲ್ಲೇ ಇದೆ ಎಂದು ಮುಮಾನಿ ಹಿತ್ತಲಿನ ದೀಪ ಹಾಕಿದರು. ಒಂದು ಅಂಚು ಸೀಳಿದೆ, ನಡುವೆ ಸವೆದು ಬೋಗುಣಿಯಂತೆ ನುಣ್ಣಗಾಗಿದೆ. ಇಷ್ಟು ವರ್ಷ ಅದರಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದರು. ಶಾಲೆಗೆ ಕೊಡುತ್ತೀರಾ ಎಂದು ಕೇಳಿದೆ. ಮಾಮು ಒಂದು ಕರಾರು ಹಾಕಿದರು. ಅಮ್ಮೀಗೆ ನಾನೇ ಹೇಳಬೇಕು, ಬೇರೆಯವರ ಬಾಯಿಂದ ಕೇಳಬಾರದು.

ಅಮ್ಮೀಗೆ ಹೇಳಲು ಎರಡು ತಿಂಗಳು ಹಿಡಿಯಿತು. ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಆ ಮರಿಗೀಗೆ ಎಣ್ಣಿ ಹಚ್ಚು, ಇಲ್ಲಂದ್ರೆ ಇನ್ನೂ ಸೀಳ್ತದೆ" ಎಂದರು.

ಈ ಜನವರಿಯಲ್ಲಿ ಎಂಟನೆಯ ತರಗತಿಯ ಮಕ್ಕಳ ಮುಂದೆ ಅದನ್ನು ಇಟ್ಟು, ಮನೆ ಕಟ್ಟುವಲ್ಲಿಂದ ತಂದ ಒಂದು ಬುಟ್ಟಿ ಮರಳನ್ನು ತೊಳೆದು ತೋರಿಸಿದೆವು. ಕರಿಮರಳು ಉಳಿಯಿತು. ಮಾಸ್ತರು ಆಯಸ್ಕಾಂತ ಹಿಡಿದಾಗ ಅದು ಮೀಸೆಯಂತೆ ನಿಂತು ಮಕ್ಕಳೆಲ್ಲ ನಕ್ಕರು. ಈ ಮರಿಗೆ ಯಾರದು ಎಂದು ಕೇಳಿದರು. ನನ್ನ ನಾನಾರದು, ಅವರು ನ್ಯಾರಿಯಾ ಆಗಿದ್ದರು, ಪತ್ತಾರರ ಅಂಗಡಿಯ ಗಟಾರ ತೊಳೆಯುತ್ತಿದ್ದರು ಎಂದು ಹೇಳಿದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಶಾಲೆಯ ದಾಖಲೆಯಲ್ಲಿ ಅವನ ತಂದೆಯ ಉದ್ಯೋಗ ವ್ಯಾಪಾರ ಎಂದಿದೆ.

"ಸರ್, ನಮ್ಮ ಅಬ್ಬಾ ಕಲ್ಲು ಒಡೀತಾರ್ರೀ" ಎಂದ.